ರಷ್ಯಾದ ಜನಾಭಿಪ್ರಾಯ ಸಮೀಕ್ಷೆ ಓದೋದು ಹೇಗೆ?

‘ರಷ್ಯಾದಲ್ಲಿ ಶೇ 80ಕ್ಕಿಂತ ಜಾಸ್ತಿ ಜನ ಪುಟಿನ್ ಪರ.’ ಈ ಸಾಲು ಆಗಾಗ ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಓದಿದ ಕೂಡಲೇ ಕೆಲವರು ‘ನೋಡಿ, ಅಲ್ಲಿನವರಿಗೇ ಹಕ್ಕು ಗಿಕ್ಕು ಏನೂ ಬೇಡ’ ಅನ್ನುತ್ತಾರೆ. ಇನ್ನು ಕೆಲವರು ‘ಎಲ್ಲಾ ಸುಳ್ಳು ಲೆಕ್ಕ’ ಅನ್ನುತ್ತಾರೆ. ನಾನೂ ಮೊದಲು ಎರಡನೇ ಗುಂಪಿನಲ್ಲೇ ಇದ್ದೆ. ಈಗ ಎರಡೂ ಸೋಮಾರಿ ಓದು ಅನಿಸುತ್ತಿದೆ.

ಮೊದಲು ಕೇಳಿದವರು ಯಾರು ಅಂತ ನೋಡಿ. ಸರ್ಕಾರದ ಕೈಯಲ್ಲಿರುವ ಸಮೀಕ್ಷಾ ಸಂಸ್ಥೆಯೂ ಇದೆ, ಲೆವಾಡಾ ಸೆಂಟರ್ ಅನ್ನುವ ಸ್ವತಂತ್ರ ಸಂಸ್ಥೆಯೂ ಇದೆ. ಲೆವಾಡಾಗೆ 2016ರಲ್ಲೇ ಸರ್ಕಾರ ‘ವಿದೇಶಿ ಏಜೆಂಟ್’ (ಹೊರದೇಶದವರ ಪರ ಕೆಲಸ ಮಾಡುವವರು) ಅಂತ ಹಣೆಪಟ್ಟಿ ಕಟ್ಟಿತು. ಆದರೂ ಅವರು ಸುಮಾರು 1,600 ಜನರನ್ನು ಮನೆಮನೆಗೆ ಹೋಗಿ ಮಾತಾಡಿಸುವುದನ್ನು ಬಿಟ್ಟಿಲ್ಲ. ಇಲ್ಲೇ ಇರೋದು ತಮಾಷೆ. ಪುಟಿನ್‌ಗೆ ಮೆಚ್ಚುಗೆ ಉಕ್ರೇನ್ ಯುದ್ಧ ಶುರುವಾದ 2022ರ ಫೆಬ್ರವರಿಯಲ್ಲಿ ಶೇ 71 ಇದ್ದದ್ದು ಮಾರ್ಚ್‌ನಲ್ಲಿ ಶೇ 83ಕ್ಕೆ ಏರಿತು ಅಂತ ಹೇಳಿದ್ದು ಇದೇ ಲೆವಾಡಾ. ಅಂದರೆ ಸರ್ಕಾರ ಬರೆಸಿದ ಲೆಕ್ಕ ಅಂತ ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ಆಮೇಲೆ ಆ ಬಾಗಿಲಲ್ಲಿ ನೀವೇ ನಿಂತು ನೋಡಿ. ಸಂಜೆ ಬೆಲ್ ಆಗುತ್ತದೆ. ಹೊರಗೆ ಗುರುತಿಲ್ಲದ ಒಬ್ಬರು. ನಿಮ್ಮ ಮನೆ ಯಾವುದು ಅಂತ ಅವರಿಗೆ ಗೊತ್ತು, ಅವರು ಯಾರು ಅಂತ ನಿಮಗೆ ಗೊತ್ತಿಲ್ಲ. ‘ಉಕ್ರೇನಿನಲ್ಲಿ ನಮ್ಮ ಸೇನೆ ಮಾಡುತ್ತಿರುವುದಕ್ಕೆ ನಿಮ್ಮ ಬೆಂಬಲ ಇದೆಯಾ?’ ಅಂತ ಕೇಳುತ್ತಾರೆ. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು ಅನ್ನುವ ಕಾನೂನು 2022ರ ಮಾರ್ಚ್ 4ರಂದೇ ಬಂದಿದೆ. ಯಾವುದು ಸುಳ್ಳು ಅಂತ ತೀರ್ಮಾನಿಸುವುದು ಸರ್ಕಾರವೇ. ಸಮೀಕ್ಷೆಗೆ ಉತ್ತರ ಕೊಟ್ಟಿದ್ದಕ್ಕೇ ಜೈಲಾಗುತ್ತದೆ ಅಂತ ಆ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ, ನಿಜ. ಆದರೆ ಸೇಂಟ್ ಪೀಟರ್ಸ್‌ಬರ್ಗ್‌ನ ಸಾಶಾ ಸ್ಕೊಚಿಲೆಂಕೊ ಅನ್ನುವ ಕಲಾವಿದೆ ಮಾಡಿದ್ದಾದರೂ ಏನು? ಸೂಪರ್‌ಮಾರ್ಕೆಟ್‌ನಲ್ಲಿ ನಾಲ್ಕೈದು ಬೆಲೆಚೀಟಿ ತೆಗೆದು, ಆ ಜಾಗದಲ್ಲಿ ಯುದ್ಧದ ಬಗ್ಗೆ ಬರೆದ ಚೀಟಿ ಇಟ್ಟರು. ಪೊಲೀಸರಿಗೆ ದೂರು ಕೊಟ್ಟಿದ್ದು ಅದೇ ಅಂಗಡಿಗೆ ಬಂದಿದ್ದ ಒಬ್ಬ ಹಿರಿಯ ಗ್ರಾಹಕಿ. ಶಿಕ್ಷೆ 7 ವರ್ಷ. (2024ರ ಆಗಸ್ಟ್‌ನಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದರು ಅನ್ನೋದು ಸಮಾಧಾನ.) ಪಕ್ಕದಲ್ಲಿ ನಿಂತ ಗಿರಾಕಿಯೇ ದೂರು ಕೊಡಬಹುದು ಅಂತ ಗೊತ್ತಿರುವ ಊರಲ್ಲಿ, ಬಾಗಿಲಿಗೆ ಬಂದವರ ಹತ್ತಿರ ಯಾರು ಮನಸ್ಸು ಬಿಚ್ಚುತ್ತಾರೆ? ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅಲ್ವಾ? ‘ಹೂಂ, ಬೆಂಬಲ ಇದೆ’ ಅಂದು ಬಾಗಿಲು ಹಾಕಿಕೊಂಡರೆ ಮುಗಿಯಿತು.

ಹಾಗಾದರೆ ಶೇ 80ರಲ್ಲಿ ಭಯದ ಪಾಲು ಎಷ್ಟು? ಅದನ್ನು ಅಳೆಯೋಕೆ ಒಂದು ಜಾಣ ಉಪಾಯ ಇದೆ. ಜನರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಯಾರಿಗೂ ತೊಂದರೆ ಇಲ್ಲದ ಕೆಲವು ವಿಷಯಗಳ ಪಟ್ಟಿ ಕೊಟ್ಟು, ‘ಇದರಲ್ಲಿ ಎಷ್ಟಕ್ಕೆ ನಿಮ್ಮ ಬೆಂಬಲ? ಯಾವುದಕ್ಕೆ ಅಂತ ಹೇಳಬೇಡಿ, ಲೆಕ್ಕ ಮಾತ್ರ ಸಾಕು’ ಅನ್ನುತ್ತಾರೆ. ಇನ್ನೊಂದು ಗುಂಪಿಗೆ ಅದೇ ಪಟ್ಟಿ, ಜೊತೆಗೆ ಯುದ್ಧವೂ ಸೇರಿರುತ್ತದೆ. ಎರಡು ಗುಂಪಿನ ಸರಾಸರಿಯ ವ್ಯತ್ಯಾಸದಿಂದ ಯುದ್ಧಕ್ಕೆ ನಿಜವಾದ ಬೆಂಬಲ ಎಷ್ಟು ಅನ್ನೋದು ಸಿಗುತ್ತದೆ, ಒಬ್ಬೊಬ್ಬರು ಏನಂದರು ಅನ್ನೋದು ಮಾತ್ರ ಯಾರಿಗೂ ತಿಳಿಯಲ್ಲ. 2022ರ ಏಪ್ರಿಲ್‌ನಲ್ಲಿ ಇಬ್ಬರು ಸಂಶೋಧಕರು ಇಂಟರ್‌ನೆಟ್‌ನಲ್ಲಿ ಹೀಗೆ ಕೇಳಿದಾಗ, ನೇರ ಪ್ರಶ್ನೆಗೆ ಶೇ 68 ಇದ್ದ ಬೆಂಬಲ ಈ ದಾರಿಯಲ್ಲಿ ಶೇ 53ಕ್ಕೆ ಇಳಿಯಿತು. ಭಯದ ಪಾಲು ಸಣ್ಣದೇನಲ್ಲ. ಆದರೆ ಉಳಿದ ಶೇ 53 ಕೂಡ ಕಡಿಮೆ ಅಲ್ಲ, ಅದನ್ನೂ ನುಂಗಿಕೊಳ್ಳಬೇಕು. ‘ಒಳಗೊಳಗೇ ಎಲ್ಲರೂ ವಿರೋಧಿಗಳು’ ಅನ್ನೋದು ನಮ್ಮ ಆಸೆ, ಅಷ್ಟೇ.

ಮುಂದಿನ ಕೆಲಸ: ತಲೆಬರಹದಲ್ಲಿ ಇಲ್ಲದ ಎರಡನೇ ಪ್ರಶ್ನೆ ಹುಡುಕಿ. ಲೆವಾಡಾ ‘ಯುದ್ಧ ಮುಂದುವರಿಸಬೇಕಾ, ಶಾಂತಿ ಮಾತುಕತೆ ಶುರು ಮಾಡಬೇಕಾ?’ ಅಂತಲೂ ಕೇಳುತ್ತದೆ. 2022ರ ಶರತ್ಕಾಲದಿಂದ ಹೆಚ್ಚಿನ ತಿಂಗಳು ಮಾತುಕತೆ ಅಂದವರೇ ಜಾಸ್ತಿ. ಸೇನೆಗೆ ಬೆಂಬಲ ಇದೆ ಅಂದವರಲ್ಲೂ ಎಷ್ಟೋ ಜನ ಇಲ್ಲಿ ಮಾತುಕತೆ ಅನ್ನುತ್ತಾರೆ. ಆದರೆ ಶಾಂತಿಗಾಗಿ ಉಕ್ರೇನಿಗೆ ಏನಾದರೂ ಬಿಟ್ಟುಕೊಡಬೇಕಾ ಅಂದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಯುದ್ಧ ಮುಗಿಯಬೇಕು, ಸೋಲಬಾರದು, ತಮ್ಮನ್ನು ಯಾರೂ ಏನೂ ಕೇಳಬಾರದು. ನನಗೆ ಅರ್ಥವಾದಷ್ಟರಲ್ಲಿ ಅಲ್ಲಿನ ದೊಡ್ಡ ಗುಂಪಿನ ಮನಸ್ಸು ಇದು.

ಹಕ್ಕುಗಳ ವಿಷಯಕ್ಕೆ ಬಂದರೆ ಹಳೇ ಅಂಕಿಗಳನ್ನು ಪಕ್ಕದಲ್ಲಿಟ್ಟು ಓದಿ. ಯಾವ ಹಕ್ಕು ಮುಖ್ಯ ಅಂತ ಲೆವಾಡಾ ಕೇಳಿದಾಗ ಮೇಲೆ ಬರೋದು ಜೀವ, ಆಸ್ಪತ್ರೆ, ನ್ಯಾಯವಾದ ವಿಚಾರಣೆ. ಮಾತಾಡುವ ಹಕ್ಕು ಮುಖ್ಯ ಅಂದವರು 2017ರಲ್ಲಿ ಶೇ 34 ಇದ್ದರು, 2019ರ ಹೊತ್ತಿಗೆ ಶೇ 58 ಆದರು. ಅಂದರೆ ಅಲ್ಲಿನ ಜನಕ್ಕೆ ಹುಟ್ಟಿನಿಂದಲೇ ಸ್ವಾತಂತ್ರ್ಯ ಬೇಡ ಅನ್ನೋ ವಾದ ನಿಲ್ಲಲ್ಲ. ಆಸೆ ಏರುತ್ತಿತ್ತು, ಅದೇ ಹೊತ್ತಿಗೆ ಬಾಗಿಲುಗಳು ಮುಚ್ಚುತ್ತಾ ಬಂದವು. 2021ರ ಡಿಸೆಂಬರ್‌ನಲ್ಲಿ ‘ಮೆಮೋರಿಯಲ್’ ಅನ್ನುವ ಮಾನವ ಹಕ್ಕು ಸಂಸ್ಥೆಯನ್ನು ಮುಚ್ಚಲು ಕೋರ್ಟ್ ಹೇಳಿತು. ಮುಂದಿನ ವರ್ಷ ಆ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಬಂತು. ಮಾಸ್ಕೋ ಹೆಲ್ಸಿಂಕಿ ಗ್ರೂಪ್ ಅನ್ನುವ ಇನ್ನೊಂದು ಮಾನವ ಹಕ್ಕು ಸಂಸ್ಥೆಯನ್ನೂ 2023ರಲ್ಲಿ ಕೋರ್ಟ್ ಮುಚ್ಚಿಸಿತು. ಹಕ್ಕು ಹೋಯಿತು ಅಂತ ಹೇಳುವವರನ್ನೇ ಮೊದಲು ತೆಗೆದರೆ, ಹೋಗಿದ್ದು ಹೆಚ್ಚಿನವರ ಗಮನಕ್ಕೇ ಬರಲ್ಲ.

ಗಮನಕ್ಕೆ ಬರೋದು ಯಾವಾಗ ಗೊತ್ತಾ? ಸರ್ಕಾರದ ಕೈ ಮನೆಯೊಳಗೆ ಬಂದಾಗ. 2022ರ ಸೆಪ್ಟೆಂಬರ್ 21ರಂದು ಮೂರು ಲಕ್ಷ ಜನರನ್ನು ಸೇನೆಗೆ ಕರೆಸುವ ಆದೇಶ ಬಂತು. ಆ ತಿಂಗಳು ಪುಟಿನ್ ಮೆಚ್ಚುಗೆ ಶೇ 83ರಿಂದ 77ಕ್ಕೆ ಇಳಿಯಿತು, ಗಡಿಗಳಲ್ಲಿ ಕಾರುಗಳ ಸಾಲು ಬೆಳೆಯಿತು. ಅದಕ್ಕೇ ನಾನು ಒಂದು ತಿಂಗಳ ಸಂಖ್ಯೆಯನ್ನು ಬೇರೆ ದೇಶದ ಜೊತೆ ಹೋಲಿಸೋಕೆ ಹೋಗಲ್ಲ. ಅದೇ ಸಂಸ್ಥೆ, ಅದೇ ಪ್ರಶ್ನೆ, ಹಿಂದಿನ ತಿಂಗಳ ಉತ್ತರ, ಇಷ್ಟನ್ನೇ ನೋಡುತ್ತೇನೆ. ಭಯ ಎರಡೂ ತಿಂಗಳು ಇತ್ತು. ಆದರೂ ಸಂಖ್ಯೆ ಅಲುಗಾಡಿತು ಅಂದರೆ ಒಳಗೆ ಏನೋ ನಡೆದಿದೆ ಅಂತ ಅರ್ಥ.

ಕೊನೆಗೆ ಜನರ ಕಾಲು ಎತ್ತ ಹೋಯಿತು ಅಂತ ನೋಡಿ. 2024ರ ಜನವರಿಯಲ್ಲಿ ಯುದ್ಧ ನಿಲ್ಲಿಸಬೇಕು ಅಂದ ಬೊರಿಸ್ ನಾದೆಜ್ದಿನ್ ಅವರನ್ನು ಅಧ್ಯಕ್ಷ ಚುನಾವಣೆಗೆ ನಿಲ್ಲಿಸಲು ಸಹಿ ಹಾಕೋಕೆ ಎಷ್ಟೋ ಊರುಗಳಲ್ಲಿ ಜನ ಚಳಿಯಲ್ಲಿ ಸಾಲುಗಟ್ಟಿದರು. ಹೆಸರು, ಪಾಸ್‌ಪೋರ್ಟ್ ನಂಬರ್ ಎಲ್ಲಾ ಕೊಟ್ಟು ಹಾಕುವ ಸಹಿ ಅದು. ಫೆಬ್ರವರಿಯಲ್ಲಿ ಚುನಾವಣಾ ಆಯೋಗ ನಾದೆಜ್ದಿನ್ ಅರ್ಜಿ ತಿರಸ್ಕರಿಸಿತು. ಅದೇ ತಿಂಗಳು 16ರಂದು ವಿರೋಧ ಪಕ್ಷದ ನಾಯಕ ಅಲೆಕ್ಸೇಯ್ ನವಾಲ್ನಿ ಜೈಲಿನಲ್ಲಿ ಸತ್ತಾಗ ಹೂವಿಟ್ಟವರಲ್ಲಿ ನೂರಾರು ಜನರನ್ನು ಪೊಲೀಸರು ಹಿಡಿದರು. ಇವರು ಎಷ್ಟೇ ಕಡಿಮೆ ಇರಲಿ, ಇಂಥ ಒಂದು ಸಹಿಗೆ ಬಾಗಿಲಲ್ಲಿ ಸಿಕ್ಕ ಹತ್ತು ‘ಹೂಂ’ಗಿಂತ ತೂಕ ಜಾಸ್ತಿ ಅಂತ ನನ್ನ ಲೆಕ್ಕ.

ಮಾಸ್ಕೋದ ವಾರ್ಡ್ ಮಟ್ಟದ ಸದಸ್ಯ ಅಲೆಕ್ಸೇಯ್ ಗೊರಿನೊವ್ ಸಭೆಯಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆಯ ಮಾತು ಬಂದಾಗ, ಉಕ್ರೇನಿನಲ್ಲಿ ಮಕ್ಕಳು ಸಾಯುತ್ತಿರುವಾಗ ಇಲ್ಲಿ ಸ್ಪರ್ಧೆ ಹೇಗೆ ನಡೆಸೋದು ಅಂತ ಕೇಳಿದರು. ಅಷ್ಟಕ್ಕೇ 2022ರ ಜುಲೈನಲ್ಲಿ 7 ವರ್ಷ ಜೈಲು. ಕೋರ್ಟಿನಲ್ಲಿ ಗಾಜಿನ ಗೂಡಿನೊಳಗಿಂದ ಅವರು ಒಂದು ಹಾಳೆ ಎತ್ತಿ ಹಿಡಿದರು. ಅದರಲ್ಲಿ ಇದ್ದದ್ದೂ ಒಂದು ಸಮೀಕ್ಷೆಯ ಪ್ರಶ್ನೆಯಂಥದ್ದೇ: ‘ಈ ಯುದ್ಧ ನಿಮಗೆ ಇನ್ನೂ ಬೇಕಾ?’