ಲೇಸರ್ ಬಂತು ಅಂತ ನೀರಿನ ಪೈಪ್ ಎಸೆಯಬೇಡಿ

ಮನೆ ಕಟ್ಟಿಸುವವರು ಈಗ ಮೇಸ್ತ್ರಿ ಸಿಗುವ ಮೊದಲೇ ಆನ್‌ಲೈನ್‌ನಲ್ಲಿ ಲೇಸರ್ ಲೆವೆಲ್ (ಗೋಡೆ ಮೇಲೆ ಸಮಮಟ್ಟದ ಬೆಳಕಿನ ಗೆರೆ ಬಿಡುವ ಉಪಕರಣ) ತರಿಸಿ ಇಟ್ಟುಕೊಂಡಿರುತ್ತಾರೆ. ತಪ್ಪೇನಿಲ್ಲ. ಆದರೆ ಅಗ್ಗದ ಲೇಸರ್ 10 ಮೀಟರ್ ದೂರಕ್ಕೆ 3 ಮಿ.ಮೀ.ನಷ್ಟು ಆಚೀಚೆ ಹೋಗಬಹುದು, ದೂರ ಹೆಚ್ಚಿದಷ್ಟೂ ಅದು ಬೆಳೆಯುತ್ತದೆ. ಮಟ್ಟ ನೋಡಲು ಮೇಸ್ತ್ರಿಗಳು ಬಳಸುವ ನೀರಿನ ಪೈಪಿಗೆ ಆ ಕಾಟ ಇಲ್ಲ. ನಡುವೆ ಗೋಡೆ ಇರಲಿ, ಮೂಲೆ ತಿರುಗಲಿ, ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ.

ಪೈಪ್ ಒಳಗಿನ ನೀರು ಕಾಣುವಂಥದ್ದಾಗಿರಬೇಕು, 15 ಮೀಟರ್ ಇದ್ದರೆ ಸಾಮಾನ್ಯ ಮನೆಗೆ ಸಾಕು. ಬಕೆಟ್ ಎತ್ತರದಲ್ಲಿಟ್ಟು ಒಂದು ತುದಿ ಮುಳುಗಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆದು ಕೆಳಗೆ ಬಿಟ್ಟರೆ ನೀರು ತಾನೇ ಹರಿದು ತುಂಬುತ್ತದೆ. ನಲ್ಲಿಗೆ ಸಿಕ್ಕಿಸಿದರೆ ಗಾಳಿಗುಳ್ಳೆ ಜಾಸ್ತಿ, ಮತ್ತೆ ಗುಳ್ಳೆ ಉಳಿದರೆ ಲೆವೆಲ್ ಕೆಟ್ಟಿತು ಅಂತಲೇ ಲೆಕ್ಕ. ಬೆರಳಲ್ಲಿ ತಟ್ಟುತ್ತಾ ಹೊರಗೆ ಓಡಿಸಿ. ಬಟ್ಟೆಗೆ ಹಾಕುವ ನೀಲಿ ಎರಡು ಹನಿ ಬೆರೆಸಿದರೆ ಗೆರೆ ಚೆನ್ನಾಗಿ ಕಾಣುತ್ತದೆ. ಎರಡೂ ತುದಿಯಲ್ಲಿ ಒಂದಡಿ ಖಾಲಿ ಬಿಟ್ಟು, ಪಕ್ಕಪಕ್ಕ ಹಿಡಿದು, ನೀರು ಸಮ ಇದೆಯಾ ನೋಡಿಕೊಂಡೇ ಶುರು ಮಾಡಿ.

ಬೇಕಾದ ಎತ್ತರಕ್ಕೆ ಗೋಡೆ ಮೇಲೆ ಮೊದಲ ಗುರುತು ಹಾಕಿ. ಒಬ್ಬರು ಅದರ ಹತ್ತಿರ ಅಲ್ಲಾಡದೆ ನಿಲ್ಲಬೇಕು, ಇನ್ನೊಬ್ಬರು ಸುತ್ತಬೇಕು. ನಡೆಯುವಾಗ ತುದಿಗೆ ಹೆಬ್ಬೆರಳು ಒತ್ತಿರಲಿ, ಗುರುತು ಹಾಕುವಾಗ ಎರಡೂ ಕಡೆ ತೆಗೆದಿರಲೇಬೇಕು, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಯಾರೂ ಪೈಪ್ ತುಳಿಯದ ಹಾಗೆ ನೋಡಿಕೊಳ್ಳಿ. ಅರ್ಧ ಬಿಸಿಲಲ್ಲಿ ಅರ್ಧ ನೆರಳಲ್ಲಿ ಬಿದ್ದಿದ್ದರೆ ಸರಿಸಿ. ನೀರಿನ ಕುಣಿತ ನಿಂತು, ಮೊದಲ ತುದಿಯಲ್ಲಿ ನೀರು ಗುರುತಿಗೆ ಸರಿಯಾಗಿ ಕೂತ ಮೇಲೆ, ಇನ್ನೊಂದು ತುದಿಯಲ್ಲಿ ನೀರಿನ ಬಾಗಿದ ಮೇಲ್ಮೈಯ ತಳಕ್ಕೆ ಗೆರೆ ಎಳೆಯಿರಿ. ಎಲ್ಲ ಗುರುತೂ ಮೊದಲನೆಯದರಿಂದಲೇ ಬರಲಿ. ಎರಡರಿಂದ ಮೂರು, ಮೂರರಿಂದ ನಾಲ್ಕು ಅಂತ ಹೋದರೆ ತಪ್ಪು ಕೂಡುತ್ತಾ ಹೋಗುತ್ತದೆ.

ಹಾಗಾದರೆ ಲೇಸರ್ ಯಾಕೆ? ಟೈಲ್ಸ್, ಫಾಲ್ಸ್ ಸೀಲಿಂಗ್, ಸ್ವಿಚ್ ಬಾಕ್ಸ್‌ಗಳ ಸಾಲು ಇವಕ್ಕೆಲ್ಲ ಅದೇ ಸರಿ, ಒಬ್ಬರೇ ಮಾಡಬಹುದು, ಗೆರೆ ಗೋಡೆ ಮೇಲೇ ನಿಂತಿರುತ್ತದೆ. ತಾನೇ ಮಟ್ಟ ಹಿಡಿಯುವ ಲೇಸರ್‌ನೊಳಗೆ ಸಾಮಾನ್ಯವಾಗಿ ಒಂದು ಪುಟ್ಟ ತೂಗುಗುಂಡು ನೇತಾಡುತ್ತಿರುತ್ತದೆ. ಅದಕ್ಕೇ ಸಾಗಿಸುವಾಗ ಲಾಕ್ ಹಾಕಬೇಕು, ಕೈಜಾರಿ ಬಿದ್ದರೆ ಮತ್ತೆ ಪರೀಕ್ಷಿಸಬೇಕು. ಪರೀಕ್ಷೆ ಸುಲಭ: ಉದ್ದನೆ ಕೋಣೆಯ ಎರಡು ಕೊನೆಯಲ್ಲಿ ಪೈಪಿನಿಂದ ಗುರುತು ಹಾಕಿ, ಲೇಸರ್ ಅನ್ನು ಒಂದು ಕೊನೆಯ ಹತ್ತಿರ ಇಟ್ಟು, ಗೆರೆ ಎರಡಕ್ಕೂ ಕೂತಿತಾ ನೋಡಿ. ರಸಮಟ್ಟದ (ಗಾಜಿನೊಳಗಿನ ಗುಳ್ಳೆ ನೋಡಿ ಮಟ್ಟ ಹಿಡಿಯುವ ಪಟ್ಟಿ) ಪರೀಕ್ಷೆಗೆ ಪೈಪೂ ಬೇಡ, ಅದೇ ಜಾಗದಲ್ಲಿ ತುದಿ ಬದಲಿಸಿ ಇಟ್ಟಾಗ ಗುಳ್ಳೆ ಬೇರೆ ಕಡೆ ಹೋದರೆ ಅದು ಕೆಟ್ಟಿದೆ.

ಕಂಬ ನೆಟ್ಟಗಿದೆಯಾ ನೋಡಲು ದಾರಕ್ಕೆ ಕಟ್ಟಿದ ತೂಗುಗುಂಡೇ ಸಾಕು. ಗಾಳಿಗೆ ಆಡುತ್ತಿದ್ದರೆ ಗುಂಡನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ಸುಮ್ನೆ ನಿಲ್ಲುತ್ತದೆ. ಬಯಲಲ್ಲಿ ಪಾಯದ ಕೆಲಸಕ್ಕೂ ಪೈಪ್, ದಾರವೇ ಇರಲಿ, ನಡು ಹಗಲಲ್ಲಿ ಲೇಸರ್ ಗೆರೆ ಕಣ್ಣಿಗೆ ಕಾಣುವುದು ಕಷ್ಟ. ಕೊಳ್ಳುವುದಾದರೆ ಹಸಿರು ಗೆರೆಯದ್ದು ಕೊಳ್ಳಿ, ಕೆಂಪಿಗಿಂತ ಚೆನ್ನಾಗಿ ಕಾಣುತ್ತದೆ. ಒಂದೇ ಮನೆಗಾದರೆ ಬಾಡಿಗೆಗೆ ಸಿಗುತ್ತದಾ ಮೊದಲು ಕೇಳಿ.