ಕಟ್ಟಡ ಕಾರ್ಮಿಕರ ಸಂಘದ ಚರಿತ್ರೆಯನ್ನು ಬರೆಯುವ ಬಗೆ

ಕಾರ್ಖಾನೆಯ ಕಾರ್ಮಿಕರಿಗೆ ಒಂದು ಗೇಟು ಇರುತ್ತದೆ, ಅದರ ಮುಂದೆ ನಡೆದ ಮುಷ್ಕರ ಊರಿನ ನೆನಪಿನಲ್ಲಿ ಉಳಿಯುತ್ತದೆ. ಕಟ್ಟಡ ಕಾರ್ಮಿಕರಿಗೆ ಅಂಥ ನೆಲೆಯಿಲ್ಲ. ಕೆಲಸ ಮುಗಿಯುತ್ತಿದ್ದಂತೆ ಅವರು ಮತ್ತೊಂದು ಸೈಟಿಗೆ ಹೋಗಿರುತ್ತಾರೆ. ಆದ್ದರಿಂದ ಅವರ ಸಂಘದ ಚರಿತ್ರೆ ಬರೆಯುವವರು ಮುಖಂಡರನ್ನು ಮಾತಾಡಿಸುವ ಮೊದಲು ಸಂಘದ ಹಳೆಯ ಕಾಗದಗಳನ್ನು ಹುಡುಕಬೇಕು.

1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ನೋಂದಣಿಗೆ ಕನಿಷ್ಠ ಏಳು ಸದಸ್ಯರ ಸಹಿ ಬೇಕಿತ್ತು, ಪ್ರತಿ ವರ್ಷ ಲೆಕ್ಕವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕಿತ್ತು. ಸಂಘದಲ್ಲಿ ಕಳೆದುಹೋದ ದಾಖಲೆಯನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ನಡಾವಳಿ ಪುಸ್ತಕ ಸಿಕ್ಕರೆ, ಹೆಬ್ಬೆಟ್ಟಿನ ಗುರುತುಗಳ ಪಕ್ಕದಲ್ಲಿ ಬರೆದಿರುವ ಹೆಸರು ಮತ್ತು ಕಸುಬನ್ನು (ಗಾರೆ, ಸೆಂಟ್ರಿಂಗ್, ಬಾರ್ ಬೆಂಡಿಂಗ್, ಹೆಲ್ಪರ್) ಒಂದೊಂದಾಗಿ ನಕಲು ಮಾಡಿಕೊಳ್ಳಿ. ಸಂಘ ಮೇಸ್ತ್ರಿಗಳದ್ದಷ್ಟೇ ಆಗಿತ್ತೋ, ಆಳುಗಳದ್ದೂ ಆಗಿತ್ತೋ ಎಂಬುದು ಅಲ್ಲೇ ತಿಳಿಯುತ್ತದೆ.

ಹಿರಿಯ ಗಾರೆಯವರ ಬಳಿ, ಉತ್ತರ ಕರ್ನಾಟಕದಲ್ಲಾದರೆ ಗೌಂಡಿಗಳ ಬಳಿ, ಇಸವಿ ಕೇಳಬೇಡಿ. ಸಂಘ ಸೇರಿದಾಗ ಯಾವ ಕಟ್ಟಡ ಏಳುತ್ತಿತ್ತು, ದಿನದ ಕೂಲಿ ಎಷ್ಟಿತ್ತು ಎಂದು ಕೇಳಿ; ಅದು ಅವರಿಗೆ ಖಚಿತವಾಗಿ ನೆನಪಿರುತ್ತದೆ. ಆ ಕಟ್ಟಡದ ಶಂಕುಸ್ಥಾಪನೆಯ ಕಲ್ಲಿನಲ್ಲಿ ಇಸವಿ ಸಿಗುತ್ತದೆ.

ಊರಿನ ಕಥೆಯನ್ನು ದೇಶದ ಹೋರಾಟದ ಜೊತೆಗಿಟ್ಟು ನೋಡುವುದೂ ಅಗತ್ಯ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ 9 ರೂಪಾಯಿ 25 ಪೈಸೆಯ ದಿನಗೂಲಿಯಿಂದ ಜಮಾದಾರರು (ಆಳುಗಳನ್ನು ಕರೆತರುವ ಮಧ್ಯವರ್ತಿಗಳು) ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪಿತ್ತಿತು. ಕಟ್ಟಡ ಕಾರ್ಮಿಕರಿಗೆ ಕೇಂದ್ರ ಕಾನೂನು ಬೇಕೆಂದು 1985ರಲ್ಲಿ ರಾಷ್ಟ್ರೀಯ ಪ್ರಚಾರ ಸಮಿತಿ ರೂಪುಗೊಂಡಿತು. 1996ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಕಾಯ್ದೆಯೂ, ಅದಕ್ಕೆ ಹಣ ಕೂಡಿಸುವ ಸೆಸ್ (ಮೇಲ್ತೆರಿಗೆ) ಕಾಯ್ದೆಯೂ ಬಂದವು. ಕರ್ನಾಟಕದ ನಿಯಮಗಳು ಬಂದದ್ದು 2006ರಲ್ಲಿ. ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದಿರಬೇಕು, ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಕಾರ್ಮಿಕರ ನಿಧಿಗೆ ಸೇರಬೇಕು ಎಂಬ ವ್ಯವಸ್ಥೆ ಬಂದ ಮೇಲೆ ನಿಮ್ಮ ಸಂಘ ಕೂಲಿಯ ಹೋರಾಟ ಮುಂದುವರಿಸಿತೇ, ಮಂಡಳಿಯ ಅರ್ಜಿ ತುಂಬುವುದರಲ್ಲೇ ಉಳಿಯಿತೇ? ಚಂದಾ ರಸೀದಿಗಳನ್ನೂ ಠರಾವುಗಳನ್ನೂ ಎದುರಿಗಿಟ್ಟುಕೊಂಡು, ಮುಲಾಜಿಲ್ಲದೆ ಬರೆಯಿರಿ.

ಬಾಂಡ್ಲಿ ಹೊತ್ತ ಹೆಣ್ಣಾಳುಗಳು ಪದಾಧಿಕಾರಿಗಳ ಪಟ್ಟಿಯಲ್ಲಿ ಸಿಗುವುದು ಅಪರೂಪ. ಅವರನ್ನು ಮನೆಗೇ ಹೋಗಿ, ಗಂಡಸರಿಲ್ಲದ ಹೊತ್ತಿನಲ್ಲಿ ಮಾತಾಡಿಸಿ. ಗಂಡಾಳಿಗೆ ಎಷ್ಟು, ತಮಗೆ ಎಷ್ಟು ಎಂದು ಅವರು ಹೇಳುವ ಎರಡೂ ಅಂಕಿಗಳನ್ನು ದಾಖಲಿಸಿ. ಕರಡು ಸಿದ್ಧವಾದಾಗ ಕೆಲಸವಿಲ್ಲದ ದಿನ ಸದಸ್ಯರನ್ನು ಕೂಡಿಸಿ ಗಟ್ಟಿಯಾಗಿ ಓದಿ, ಅವರು ತಡೆದು ತಿದ್ದಿದ್ದನ್ನು ಅಲ್ಲಿಯೇ ಗುರುತು ಹಾಕಿಕೊಳ್ಳಿ.