ಎರಡನೇ ಓಟು ಕೋಡಂಗಿಗೆ

ಹಾಸ್ಯಗಾರ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತರೆ ಜನ ನಗುತ್ತಾರೆ, ಓಟು ಹಾಕುವುದಿಲ್ಲ ಎಂದು ನನಗೆ ಬುದ್ಧಿ ಹೇಳಿದವರ ಪಟ್ಟಿ ಉದ್ದವಿದೆ. ನಮ್ಮ ಯಕ್ಷಗಾನ ತಂಡದ ಭಾಗವತರಿದ್ದಾರೆ, ಹೆಂಡತಿಯ ಅಣ್ಣನಿದ್ದಾರೆ, ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸೇರುವ ಅಷ್ಟೂ ಮಂದಿ ಇದ್ದಾರೆ. 2015ರಲ್ಲಿ ಅವರ ಮಾತು ನಿಜವಾಯಿತು. 2020ರಲ್ಲಿ ಸುಳ್ಳಾಯಿತು. ಈಚೆಗೆ ಬೇರೆ ತಾಲ್ಲೂಕಿನ ಕಲಾವಿದರು ಫೋನ್ ಮಾಡಿ ಗೆದ್ದದ್ದು ಹೇಗೆಂದು ವಿಚಾರಿಸುತ್ತಿರುವುದರಿಂದ ಒಮ್ಮೆ ಬರೆದುಬಿಡುತ್ತೇನೆ. ನಾಮಪತ್ರ, ಚಿಹ್ನೆ ಹಂಚಿಕೆ ಇವೆಲ್ಲ ನಿಮಗೆ ಗೊತ್ತಿರುವುದೇ.

ನಾನು ತೀರ್ಥಹಳ್ಳಿ ಕಡೆಯವನು. ಯಕ್ಷಗಾನದ ಬಡಗುತಿಟ್ಟು ಶೈಲಿಯ ಹವ್ಯಾಸಿ ತಂಡದಲ್ಲಿ ಹಾಸ್ಯ ಮಾಡುತ್ತೇನೆ, ಉಳಿದ ದಿನ ಒಂದೂವರೆ ಎಕರೆ ಅಡಿಕೆ ತೋಟ. ಮೊದಲ ಸಲ ನಿಂತಾಗ ಮಿಮಿಕ್ರಿಯವರೆಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ದೊಡ್ಡ ನಾಯಕರ ದನಿ ತೆಗೆದು ಭಾಷಣ ಬಿಗಿದೆ. ಮೂರು ದಿನ ಬಾಡಿಗೆ ಜೀಪು, ಮೈಕು, ವೇಷದಲ್ಲಿರುವ ನನ್ನ ಚಿತ್ರದ ನಾಲ್ಕು ಫ್ಲೆಕ್ಸ್. ಅದನ್ನು ನೋಡಿದ ಅಜ್ಜಿಯೊಬ್ಬರು ‘ಆಟ ಯಾವತ್ತು? ಪ್ರಸಂಗ ಯಾವುದು?’ ಎಂದು ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಹದಿನಾಲ್ಕೋ ಹದಿನೈದೋ ಸಾವಿರ ಹೋಯಿತು, ಅದರಲ್ಲಿ ಆರು ಸಾವಿರ ಕೈಸಾಲ. ಜೀಪಿನ ಹಿಂದೆ ಓಡಿ ಬಂದವರೆಲ್ಲ ಹದಿನೆಂಟು ತುಂಬದ ಹುಡುಗರು. ಸಿಕ್ಕಿದ್ದು ಮೂವತ್ತೊಂದು ಮತ, ಠೇವಣಿಯೂ ಉಳಿಯಲಿಲ್ಲ. ಅದಕ್ಕಿಂತ ದುಬಾರಿಯಾದದ್ದು ಎದುರಾಳಿಯ ನಡಿಗೆಯನ್ನು ಅಣಕಿಸಿದ್ದು. ಅವರು ನಮ್ಮ ದಾಯಾದಿಗಳು, ಮಂಡಿನೋವಿನ ಮನುಷ್ಯ. ಎರಡು ವರ್ಷ ಅವರ ಮನೆಯಿಂದ ಯಾವ ಊಟಕ್ಕೂ ಕರೆ ಬರಲಿಲ್ಲ.

2020ರ ಡಿಸೆಂಬರಿನಲ್ಲಿ ಎರಡು ಸಂಗತಿ ಬದಲಾಗಿದ್ದವು. ಒಂದು, ಕೊರೊನಾ ಕಾರಣದಿಂದ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಕ್ಕಳೆಲ್ಲ ಊರಿನಲ್ಲಿದ್ದರು. ಮನೆಯಲ್ಲಿ ಸಿಗ್ನಲ್ ಸಿಗದೆ ನಮ್ಮ ಹಿಂದಿನ ಗುಡ್ಡದ ಮೇಲೆ ಟಾರ್ಪಾಲು ಕಟ್ಟಿಕೊಂಡು, ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಆನ್‌ಲೈನ್ ತರಗತಿಯ ಕಾಲೇಜು ಹುಡುಗಿಯರೂ ಅಲ್ಲೇ. ಯಾವ ಅಭ್ಯರ್ಥಿಯೂ ಆ ಗುಡ್ಡ ಹತ್ತಲಿಲ್ಲ, ಏಕೆಂದರೆ ಅಲ್ಲಿ ಮನೆಗಳಿಲ್ಲ! ನಾನು ದಿನಾ ಸಂಜೆ ಒಂದು ಫ್ಲಾಸ್ಕ್ ಕಷಾಯ ಹಿಡಿದು ಹತ್ತಿದೆ. ಎರಡನೆಯದು ನಾನೇ ಕಂಡುಕೊಂಡದ್ದು. ನಮ್ಮ ವಾರ್ಡಿಗೆ ಎರಡು ಸ್ಥಾನ, ಹಾಗಾಗಿ ಪ್ರತಿಯೊಬ್ಬರಿಗೂ ಎರಡು ಓಟು. ಮೊದಲನೆಯದು ನೆಂಟಸ್ತಿಕೆಗೋ ಜಾತಿಗೋ ಹೋಗುತ್ತದೆ, ಅದನ್ನು ಬ್ರಹ್ಮನೂ ತಪ್ಪಿಸಲಾರ. ಎರಡನೆಯದನ್ನು ಎಷ್ಟೋ ಜನ ಸುಮ್ಮನೆ ಯಾರಿಗೋ ಒತ್ತಿ ಬರುತ್ತಾರೆ. ನನಗೆ ಬೇಕಾದದ್ದು ಅದು. ಯಕ್ಷಗಾನದಲ್ಲಿ ಪ್ರಸಂಗ ಶುರುವಾಗುವ ಮೊದಲು ಬಂದು ಕುಣಿದು ಹೋಗುವವನು ಕೋಡಂಗಿ, ಕಥೆಯಲ್ಲಿ ಅವನಿಗೆ ಪಾತ್ರವಿಲ್ಲ. ‘ಮೊದಲನೆಯದು ನೆಂಟರಿಗೆ, ಎರಡನೆಯದು ಕೋಡಂಗಿಗೆ’ ಎಂಬ ಘೋಷಣೆ ಹುಟ್ಟಿದ್ದು ಹೀಗೆ. ಇದರಿಂದ ಯಾರಿಗೂ ಸಿಟ್ಟು ಬರಲಿಲ್ಲ. ಎದುರಾಳಿಯ ಹೆಂಡತಿಯೇ ನನಗೆ ಒಂದು ಹಾಕಿದರು ಎಂದು ನನ್ನ ಗುಮಾನಿ.

ನಮ್ಮೂರಿನ ಒಬ್ಬ ಹಿರಿಯರಿಗೆ ಮಾತ್ರ ಬೇಸರವಾಯಿತು. ‘ಶಾಂತವೇರಿ ಗೋಪಾಲಗೌಡರು ಹುಟ್ಟಿದ ತಾಲ್ಲೂಕು ಇದು, ಕೋಡಂಗಿ ಓಟು ಕೇಳುವುದೇ?’ ಎಂದರು. 1952ರಲ್ಲಿ ಆ ಸಮಾಜವಾದಿ ನಾಯಕರು ವಿಧಾನಸಭೆಗೆ ಗೆದ್ದದ್ದೂ ದುಡ್ಡಿನಿಂದಲ್ಲವಲ್ಲ ಎಂದೆ. ಸುಮ್ಮನಾದರು, ಒಪ್ಪಲಿಲ್ಲ.

ಪ್ರಣಾಳಿಕೆಯನ್ನು ಗುಡ್ಡದ ಹುಡುಗರೇ ಬರೆದರು. ಮಂಗಗಳಿಗೂ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಯೋಜನೆಯಲ್ಲಿ ಆಗಿದ್ದ ನೂರು ದಿನಕ್ಕಿಂತ ಹೆಚ್ಚು ಅವು ತೋಟದಲ್ಲಿ ದುಡಿಯುತ್ತವೆ. ಗ್ರಾಮಸಭೆಗೆ ಕೋರಂ, ಅಂದರೆ ಬೇಕಾದಷ್ಟು ಹಾಜರಿ, ಆಗದಿದ್ದರೆ ಸದಸ್ಯನೇ ವೇಷ ಕಟ್ಟಿ ಕುಣಿಯತಕ್ಕದ್ದು. ಗುಡ್ಡಕ್ಕೆ ಬೆಂಚು. ಅವರಲ್ಲೊಬ್ಬ ಐಸ್‌ಲ್ಯಾಂಡಿನ ಯೋನ್ ಗ್ನಾರ್ ಎಂಬ ಹಾಸ್ಯನಟನ ಕಥೆ ಹೇಳಿದ. 2010ರಲ್ಲಿ ರೇಕ್ಯಾವಿಕ್ ನಗರಸಭೆಗೆ ಗೇಲಿಯ ಪಕ್ಷ ಕಟ್ಟಿ, ಮೃಗಾಲಯಕ್ಕೆ ಹಿಮಕರಡಿ ತರುತ್ತೇನೆಂದು ಹೇಳಿ, ಹದಿನೈದರಲ್ಲಿ ಆರು ಸ್ಥಾನ ಗೆದ್ದು ಮೇಯರ್ ಆದನಂತೆ. ನಮಗೆ ಕರಡಿ ಬೇಡ, ಇರುವ ಮಂಗಗಳೇ ಸಾಕು ಎಂದೆ. ಅದು ಆಡಿಯೋದಲ್ಲಿ ಹೋಯಿತು, ನಗುವಿಗಿಂತ ಬೇಗ ಹರಡಿತು.

ಆಡಿಯೋ ವಿಷಯ ಹೇಳಲೇಬೇಕು. ಮೊದಲು ವಿಡಿಯೋ ಮಾಡಿ ಕಳಿಸಿದೆವು. ನಮ್ಮ ಸಿಗ್ನಲ್ಲಿಗೆ ಅದು ತೆರೆಯುವಷ್ಟರಲ್ಲಿ ಮತದಾನ ಮುಗಿಯುತ್ತಿತ್ತು. ಆಮೇಲೆ ಚಂಡೆಯ ಒಂದು ಬಿಡ್ತಿಗೆ, ಅಂದರೆ ಪೆಟ್ಟುಗಳ ಒಂದು ತುಣುಕು, ಅದರ ಜೊತೆ ನಲವತ್ತು ಸೆಕೆಂಡಿನ ಹಾಡು, ದಿನಕ್ಕೊಂದು. ಅದು ಹಳೆಯ ಫೋನಿಗೂ ತಲುಪಿತು. ಅಡಿಕೆ ಹಾಳೆಯ ಟೋಪಿ ಹಂಚುವ ಪ್ರಯೋಗ ಮಾತ್ರ ಅರ್ಧ ಕೈಕೊಟ್ಟಿತು. ಒಣಗಿದ ಹಾಳೆಯನ್ನು ಹಾಗೆಯೇ ಮಡಿಸಿ ಹೊಲಿದೆವು, ಬಿಸಿಲಿಗೆ ಮೂವತ್ತು ಟೋಪಿ ಸೀಳಿದವು. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒದ್ದೆ ಇರುವಾಗಲೇ ತಲೆಯ ಅಳತೆಗೆ ಕಟ್ಟಿ ನೆರಳಿನಲ್ಲಿ ಆರಿಸಬೇಕು. ಚಿಹ್ನೆಯಾಗಿ ಹೊಲಿಗೆ ಯಂತ್ರ ಸಿಕ್ಕಿದ್ದರಿಂದ ಹರಿದ ಟೋಪಿಯೂ ಹಾಸ್ಯಕ್ಕೆ ಒದಗಿತು.

ಹಿರಿಯರ ಓಟು ಗುಡ್ಡದಲ್ಲಿರಲಿಲ್ಲ, ಅಂಗಳದಲ್ಲಿತ್ತು. ಡಿಸೆಂಬರ್ ಎಂದರೆ ಕೊಯ್ಲಿನ ಕಾಲ, ರಾತ್ರಿ ಹತ್ತರ ತನಕ ಅಡಿಕೆ ಸುಲಿಯುತ್ತಾರೆ. ಕೈ ಮುಗಿದು ಕರಪತ್ರ ಕೊಟ್ಟು ಹೋಗುವವರ ಮುಖವನ್ನು ಯಾರೂ ನೋಡುವುದಿಲ್ಲ, ಕಣ್ಣು ಮೆಟ್ಟುಗತ್ತಿಯ ಮೇಲಿರುತ್ತದೆ. ನಾನು ಸಾಲಿನ ಕೊನೆಯಲ್ಲಿ ಕತ್ತಿ ಮೆಟ್ಟಿ ಕೂತು ಸುಲಿದೆ. ತೋಟವಿದ್ದರೂ ನನಗೆ ಸುಲಿಯಲು ಸರಿಯಾಗಿ ಬರುವುದಿಲ್ಲ. ಎರಡನೇ ಮನೆಯಲ್ಲೇ ಹೆಬ್ಬೆರಳು ಕೊಯ್ದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಅರಿಶಿನ ಒತ್ತುತ್ತಾ ‘ಇಷ್ಟು ಸುಲಿಯಲು ಬಾರದವರು ಪಂಚಾಯಿತಿಯನ್ನು ಏನು ಸುಲಿಯುತ್ತೀರಿ’ ಎಂದರು. ನಾನು ಬರೆದ ಯಾವ ಮಾತೂ ಅಷ್ಟು ಚೆನ್ನಾಗಿರಲಿಲ್ಲ. ಮರುದಿನದಿಂದ ಪ್ರತಿ ಮನೆಯಲ್ಲೂ ಅದನ್ನೇ ಹೇಳಿದೆ, ಬ್ಯಾಂಡೇಜು ತೋರಿಸಿ.

ಖರ್ಚು ಆರು ಸಾವಿರದ ಆಸುಪಾಸು. ಠೇವಣಿ 200, ಚಂಡೆಯವರ ಪೆಟ್ರೋಲು ಒಂದು ಸಾವಿರ ಇರಬಹುದು, ಉಳಿದದ್ದು ಕರಪತ್ರ, ಚಹಾ, ಕಷಾಯದ ಬೆಲ್ಲ. ಯಾವ ಮನೆಗೆ ಯಾವ ಹೊತ್ತಿಗೆ ಹೋಗಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕವಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಇನ್ನೊಮ್ಮೆ ನಿಲ್ಲುವವನು.

ಡಿಸೆಂಬರ್ 30ರಂದು ಎಣಿಕೆ. ಮತಪತ್ರಗಳ ಕಟ್ಟು ಬಿಚ್ಚಿ ಕೈಯಲ್ಲೇ ಎಣಿಸುತ್ತಾರಲ್ಲ, ಆ ಸದ್ದು ಕೇಳಿದರೆ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತದೆ. ಇನ್ನೂರ ಮೂವತ್ತು ಚಿಲ್ಲರೆ ಬಂತು, ಒಂಬತ್ತು ಮತದಿಂದ ಗೆದ್ದೆ. ಗುಡ್ಡದಿಂದಲೇ ಎಪ್ಪತ್ತಾದರೂ ಬಂದಿರಬೇಕು. ಹೊರಗೆ ನಿಂತಿದ್ದ ಹುಡುಗರು ಹಾಳೆ ಟೋಪಿ ಎಸೆದದ್ದು ಕಾವಲಿನ ಪೊಲೀಸರೊಬ್ಬರ ತಲೆಯ ಮೇಲೆ ಸರಿಯಾಗಿ ಕೂತಿತು.

ಎಲ್ಲ ಕಡೆಯೂ ಇದು ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. 2024ರಲ್ಲಿ ವಾರಾಣಸಿಯಲ್ಲಿ ಲೋಕಸಭೆಗೆ ನಿಲ್ಲಹೊರಟ ಹಾಸ್ಯ ಕಲಾವಿದ ಶ್ಯಾಮ್ ರಂಗೀಲಾ ಅವರ ನಾಮಪತ್ರವೇ ತಿರಸ್ಕೃತವಾಯಿತು. ಕಾಗದಪತ್ರದಲ್ಲಿ ಮಾತ್ರ ಹಾಸ್ಯ ಬೇಡ, ಎರಡು ಪ್ರತಿ ಇಟ್ಟುಕೊಳ್ಳಿ. ವಾರ್ಡಿಗೆ ಒಂದೇ ಸ್ಥಾನವಿದ್ದರೆ ನನ್ನ ಘೋಷಣೆ ಕೆಲಸಕ್ಕೆ ಬರುವುದಿಲ್ಲ, ಬೇರೆ ಹುಡುಕಿ.

ಮೊದಲ ಗ್ರಾಮಸಭೆಗೆ ಕೋರಂ ಆಯಿತು, ಕುಣಿಯುವ ಪ್ರಸಂಗ ಬರಲಿಲ್ಲ. ನೋಡಲು ಬಂದವರಿಗೆ ಅದೇ ನಿರಾಸೆ. ಗುಡ್ಡಕ್ಕೆ ಬೆಂಚು ಹಾಕಿಸಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹುಡುಗರನ್ನು ಕಂಪನಿಗಳು ಒಬ್ಬೊಬ್ಬರನ್ನಾಗಿ ಬೆಂಗಳೂರಿಗೆ ಕರೆಸಿಕೊಂಡವು. ಈಗ ಆ ಬೆಂಚಿನ ಮೇಲೆ ಮಂಗಗಳು ಕೂತು ನನ್ನ ತೋಟವನ್ನೇ ನೋಡುತ್ತಿರುತ್ತವೆ. ಜಾಬ್ ಕಾರ್ಡ್ ಇನ್ನೂ ಕೊಟ್ಟಿಲ್ಲ.